ಕಪ್ಪು ಹೊಗೆ ಕಂಡ ಕೂಡಲೇ ಪಂಪ್ ಬಿಚ್ಚಬೇಡಿ

ಪ್ರಶ್ನೆ: ನನ್ನದು 2009ರ ಟರ್ಬೊ ಡೀಸೆಲ್ ಪಿಕಪ್. ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ಹೊಡೆಯುತ್ತೇನೆ. ಎರಡು ತಿಂಗಳಿಂದ ಗಾಡಿಗೆ ಎಳೆತವೇ ಇಲ್ಲ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಬರುವಾಗ ಸಣ್ಣ ಏರಿಗೂ ಮೂರನೇ ಗೇರ್ ಹಾಕಬೇಕು, ಹಿಂದೆ ದಟ್ಟ ಕಪ್ಪು ಹೊಗೆ. ‘ಮಂಡಕ್ಕಿ ಭಟ್ಟಿ ಬಂತು’ ಅಂತ ಗೆಳೆಯರು ನಗುತ್ತಾರೆ. ಪಂಪು, ಇಂಜೆಕ್ಟರ್ ಎರಡನ್ನೂ ಬಿಚ್ಚಬೇಕು ಅಂತಾರೆ ಮೆಕ್ಯಾನಿಕ್. ಬಿಚ್ಚಿಸಲಾ?
– ಓದುಗ, ಆನಗೋಡು

ಉತ್ತರ: ಈಗಲೇ ಬೇಡ. ಕಪ್ಪು ಹೊಗೆ ಅಂದರೆ ಡೀಸೆಲ್ ಬರುತ್ತಿದೆ, ಅದು ಪೂರ್ತಿ ಉರಿಯಲು ಗಾಳಿ ಸಾಲುತ್ತಿಲ್ಲ. ಇಂಜೆಕ್ಟರ್ ಕೆಟ್ಟರೂ ಇಂಥ ಹೊಗೆ ಬರುತ್ತದೆ ನಿಜ, ಆದರೆ ಅದು ಜಾಸ್ತಿ ಖರ್ಚಿನ ದಾರಿ, ಕೊನೆಗಿರಲಿ. ಮೊದಲು ಏರ್ ಫಿಲ್ಟರ್ ತೆಗೆದು ನೋಡಿ. ಕಣದಲ್ಲಿ ಇಂಜಿನ್ ಆಫ್ ಮಾಡದೇ ಲೋಡ್ ಮಾಡಿಸುತ್ತೀರಿ ಅಲ್ವಾ? ಆ ಹೊಟ್ಟು, ದೂಳೆಲ್ಲ ಅಲ್ಲೇ ಕೂತಿರುತ್ತದೆ.

ಫಿಲ್ಟರ್ ಚೆನ್ನಾಗಿದ್ದರೆ, ಗಾಳಿಯನ್ನು ಒತ್ತಿ ತುಂಬುವ ಟರ್ಬೊದಿಂದ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಇಂಜಿನ್‌ಗೆ ಹೋಗುವ ರಬ್ಬರ್ ಹೋಸ್‌ಗಳ ಅಡಿಭಾಗವನ್ನು ಇಂಜಿನ್ ಆರಿದ ಮೇಲೆ ಕೈಯಿಂದ ತಡವಿ. ಒಂದು ಕಡೆ ಎಣ್ಣೆ ಜಿನುಗಿ, ಅದರ ಮೇಲೆ ದೂಳು ಅಂಟಿ ಕೆಸರಿನಂತಾಗಿದ್ದರೆ ಸೀಳು ಅಲ್ಲೇ ಇದೆ. ಈ ಸೀಳು ಗಾಡಿ ನಿಂತಾಗ ಬಾಯಿ ಮುಚ್ಚಿಕೊಂಡಿರುತ್ತದೆ, ಲೋಡಿನಲ್ಲಿ ಏರು ಹತ್ತುವಾಗ ಟರ್ಬೊ ಒತ್ತಡ ಹೆಚ್ಚಿದರೆ ಮಾತ್ರ ಬಾಯಿ ಬಿಡುತ್ತದೆ, ಹಾಗಾಗಿ ಶೆಡ್‌ನಲ್ಲಿ ರೇಸ್ ಕೊಟ್ಟು ನೋಡಿದವರು ‘ಎಲ್ಲ ಸರಿ ಇದೆ’ ಅಂದುಬಿಡುತ್ತಾರೆ. ನನ್ನ ಹಳೇ ಜೀಪಿನಲ್ಲೂ ಹೀಗೇ ಆಗಿತ್ತು. ಸುಮ್ನೆ ಇಂಜೆಕ್ಟರ್ ಟೆಸ್ಟಿಂಗ್‌ಗೆ ದುಡ್ಡು ಸುರಿದೆ. ಆಮೇಲೆ ಸಿಕ್ಕಿದ್ದು ಬೆರಳುದ್ದದ ಸೀಳು!

ಹೋಸ್ ಕೂಡ ಸರಿಯಿದ್ದರೆ ಇಜಿಆರ್ ವಾಲ್ವ್ (ಉರಿದ ಹೊಗೆಯಲ್ಲಿ ಸ್ವಲ್ಪವನ್ನು ಬೇಕಾದಾಗ ಮಾತ್ರ ಇಂಜಿನ್‌ಗೆ ವಾಪಸ್ ಬಿಡುವ ಕವಾಟ) ಬಿಚ್ಚಿಸಿ. ಮಸಿ ಕಟ್ಟಿ ತೆರೆದೇ ಉಳಿದಿದ್ದರೆ ಉರಿದ ಹೊಗೆಯೇ ಮತ್ತೆ ಇಂಜಿನ್ ಒಳಗೆ ಹೋಗುತ್ತದೆ, ಹೊಸ ಗಾಳಿಗೆ ಜಾಗ ಎಲ್ಲಿ?

ಪ್ರಶ್ನೆ: 2006ರ ಪೆಟ್ರೋಲ್ ಕಾರು. ಸ್ಟಾರ್ಟಿಂಗ್ ಚೆನ್ನಾಗಿದೆ, 60 ದಾಟಿದರೆ ಉಸಿರು ಕಟ್ಟಿದ ಹಾಗೆ ಆಗುತ್ತದೆ. ಕೆಳಗಡೆ ಲೊಡಲೊಡ ಸದ್ದು.
– ಓದುಗ, ಚಿತ್ರದುರ್ಗ

ಉತ್ತರ: ಉಸಿರು ಕಟ್ಟಿದ ಹಾಗೆ ಅಂದಿರಲ್ಲ, ಅದೇ ಸರಿಯಾದ ಮಾತು. ಹೊಗೆ ಹೋಗುವ ದಾರಿ ಕಟ್ಟಿರಬೇಕು. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಜೇನುಗೂಡಿನಂಥ ಪಿಂಗಾಣಿ ಇಟ್ಟಿಗೆ ಇರುತ್ತದೆ, ಅದು ಒಡೆದರೆ ಚೂರುಗಳು ದಾರಿಗೆ ಅಡ್ಡ ಬೀಳುತ್ತವೆ. ಗಾಡಿ ತಣ್ಣಗಾದ ಮೇಲೆ ರಬ್ಬರ್ ಸುತ್ತಿಗೆಯಿಂದ ತಟ್ಟಿ, ಗಲಗಲ ಅಂದರೆ ಅನುಮಾನ ನಿಜ. ಖಾತ್ರಿ ಬೇಕಾದರೆ ಕನ್ವರ್ಟರ್‌ಗೂ ಮೊದಲು, ಇಂಜಿನ್ ಕಡೆಗಿರುವ ಆಕ್ಸಿಜನ್ ಸೆನ್ಸರ್ ತೆಗೆದು ಆ ತೂತಿಗೆ ಪ್ರೆಶರ್ ಗೇಜ್ ಹಾಕಿಸಿ. 2500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಿದರೆ ಜಾಮ್ ಆಗಿದೆ ಅಂತಲೇ.

ಹೊಸದು ಹಾಕಿಸುವ ಮುಂಚೆ ಪ್ಲಗ್, ಇಗ್ನಿಷನ್ ಕಾಯಿಲ್ ನೋಡಿಸಿ. ಮಿಸ್‌ಫೈರ್ ಇದ್ದರೆ ಉರಿಯದ ಪೆಟ್ರೋಲ್ ಕನ್ವರ್ಟರ್‌ಗೆ ಹೋಗಿ ಅಲ್ಲೇ ಉರಿದು ಇಟ್ಟಿಗೆಯನ್ನು ಕರಗಿಸುತ್ತದೆ, ಹೊಸದಕ್ಕೂ ಅದೇ ಗತಿ.

ಪ್ರಶ್ನೆ: ಏರಿನಲ್ಲಿ ಆರ್‌ಪಿಎಂ ಏರುತ್ತದೆ, ಸ್ಪೀಡ್ ಏರುವುದಿಲ್ಲ. ಹೊಗೆ ಇಲ್ಲ.
– ಓದುಗ, ಹರಿಹರ

ಉತ್ತರ: ಕ್ಲಚ್ ಪ್ಲೇಟ್ ಸವೆದು ಜಾರುತ್ತಿರಬೇಕು, ಇಂಜಿನ್ ಶಕ್ತಿ ಚಕ್ರಕ್ಕೆ ಪೂರ್ತಿ ಹೋಗುತ್ತಿಲ್ಲ. ಇಂಜಿನ್ ತಂಟೆಗೆ ಹೋಗಬೇಡಿ.