ಮಡಿಕೇರಿಯ 571201 ಅವಿಭಾಜ್ಯವೇ?

ಮಡಿಕೇರಿಯ ಪಿನ್‌ಕೋಡ್ 571201 ಅವಿಭಾಜ್ಯವೇ, ಕೈಲೆಕ್ಕದಲ್ಲಿ ನೋಡೋದು ಹೇಗೆ ಅಂತ ಕೇಳಿದ್ದೀರಿ. ಹೌದು, ಅವಿಭಾಜ್ಯವೇ. 756ರ ವರ್ಗ 571536, ಸಂಖ್ಯೆಯನ್ನು ದಾಟಿತು. ಸಂಖ್ಯೆ ಭಾಗವಾಗುವುದಾದರೆ ಒಂದು ಅವಿಭಾಜ್ಯ ಭಾಜಕವಾದರೂ 756ಕ್ಕಿಂತ ಚಿಕ್ಕದಿರಲೇಬೇಕು. ಹಾಗಾಗಿ 751ರವರೆಗಿನ 133 ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು.

ಮೊದಲು ಒಂದು ಕಳೆಯಿರಿ: 571200 = 64×3×25×7×17. ಅಂದರೆ 2, 3, 5, 7, 17 ಯಾವುದರಿಂದ ಭಾಗಿಸಿದರೂ ಶೇಷ 1. ಒಂದೇ ಏಟಿಗೆ ಐದು ಮುಗಿದವು, ಉಳಿದದ್ದು 128.

89ರ ಹತ್ತಿರ ಬಂದಾಗ ಜೋಪಾನ. 89×6418 = 571202, ಒಂದೇ ಒಂದು ಹೆಚ್ಚು. ಕ್ಯಾಲ್ಕುಲೇಟರ್ 6417.99 ತೋರಿಸಿತೆಂದು ದುಂಡು ಮಾಡಿ 'ಭಾಗವಾಯಿತು' ಅಂದುಕೊಂಡರೆ ಇಡೀ ಲೆಕ್ಕ ಕೆಟ್ಟಿತು. ದಶಮಾಂಶ ನಂಬಬೇಡಿ, ಶೇಷ ಬರೆದಿಡಿ.

ಇನ್ನೊಂದು ಚೆಂದದ ಗುಣ ಇದೆ: ಇದು 4ರಿಂದ ಭಾಗಿಸಿದಾಗ ಶೇಷ 1 ಉಳಿಯುವ ಅವಿಭಾಜ್ಯ. ಆದ್ದರಿಂದ ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ರೀತಿಯಲ್ಲಿ ಬರೆಯಬಹುದು: 735² + 176². ಕೂಡಿ ನೋಡಿ, 540225 + 30976.

ವಿರಾಜಪೇಟೆಯ 571218 ಸಮಸಂಖ್ಯೆ, ಅದಕ್ಕೆ ಇಷ್ಟೆಲ್ಲ ಬೇಕಿಲ್ಲ.