ಧೈರ್ಯಕ್ಕೂ ಹುಂಬತನಕ್ಕೂ ನಡುವೆ ಗೆರೆ ಎಲ್ಲಿದೆ?

ಪ್ರಶ್ನೆ: ನನಗೆ 26 ವರ್ಷ, ಬೆಂಗಳೂರಿನಲ್ಲಿ ಉದ್ಯೋಗ. ಮಳೆಗಾಲದಲ್ಲಿ ಗೆಳೆಯರೊಂದಿಗೆ ಪಶ್ಚಿಮಘಟ್ಟದ ಜಲಪಾತಗಳಿಗೆ ಚಾರಣ ಹೋಗುತ್ತೇನೆ. ಕಳೆದ ಜುಲೈನಲ್ಲಿ ಹೋಗುವಾಗ ಮೊಣಕಾಲುದ್ದವಿದ್ದ ಹಳ್ಳದ ನೀರು ಮರಳುವ ಹೊತ್ತಿಗೆ ಸೊಂಟದವರೆಗೆ ಏರಿತ್ತು. ಕೈ ಕೈ ಹಿಡಿದು ದಾಟಿ ಬಂದೆವು. ಇದು ತಿಳಿದಾಗಿನಿಂದ ಅಪ್ಪ ಚಾರಣವೇ ಬೇಡ ಎನ್ನುತ್ತಿದ್ದಾರೆ. ಹಗ್ಗವಿಲ್ಲದೆ ಬಂಡೆ ಹತ್ತುವ ಅಲೆಕ್ಸ್ ಹೊನಾಲ್ಡ್ ಅವರನ್ನು ಜಗತ್ತೇ ಕೊಂಡಾಡುವಾಗ, ನಾವು ಹಳ್ಳ ದಾಟಿದ್ದು ಮಾತ್ರ ಹುಂಬತನವೇ?
– ಓದುಗಿ, ಸಾಗರ

ಉತ್ತರ: ಚಾರಣವನ್ನೇ ಬಿಟ್ಟುಬಿಡಿ ಎಂದು ನಾನು ಹೇಳಲಾರೆ. ಆದರೆ ಆ ಹಳ್ಳದ ವಿಷಯದಲ್ಲಿ ನಿಮ್ಮ ತಂದೆಯವರ ಮಾತೇ ಸರಿ.

ಹೊನಾಲ್ಡ್ ಅವರು 2017ರ ಜೂನ್ 3ರಂದು ಕ್ಯಾಲಿಫೋರ್ನಿಯಾದ ಯೊಸೆಮಿಟಿಯಲ್ಲಿರುವ, ಸುಮಾರು 3,000 ಅಡಿ ಎತ್ತರದ ಎಲ್ ಕ್ಯಾಪಿಟನ್ ಬಂಡೆಯನ್ನು ಹಗ್ಗವಿಲ್ಲದೆ ನಾಲ್ಕು ಗಂಟೆಗೂ ಕಡಿಮೆ ಅವಧಿಯಲ್ಲಿ ಏರಿದರು. ಆ ಒಂದು ದಿನವನ್ನಷ್ಟೇ ನೋಡಿದರೆ ಅದಕ್ಕಿಂತ ದೊಡ್ಡ ಹುಂಬತನ ಮತ್ತೊಂದಿಲ್ಲ ಎನಿಸುತ್ತದೆ. ಆದರೆ ಅದಕ್ಕೂ ಮೊದಲು ಅವರು ಹಗ್ಗ ಕಟ್ಟಿಕೊಂಡು ಅದೇ ದಾರಿಯನ್ನು ಮತ್ತೆ ಮತ್ತೆ ಹತ್ತಿ, ಯಾವ ಬಿರುಕಿಗೆ ಯಾವ ಬೆರಳು, ಯಾವ ಅಂಚಿಗೆ ಯಾವ ಕಾಲು ಎಂಬುದನ್ನು ಬಾಯಿಪಾಠ ಮಾಡಿಕೊಂಡಿದ್ದರು. 2016ರ ನವೆಂಬರ್‌ನಲ್ಲಿ ಒಮ್ಮೆ ಏರಲು ಹೊರಟವರು, ಚಿತ್ರೀಕರಣದ ತಂಡ ಸಜ್ಜಾಗಿ ಕಾದಿದ್ದರೂ, ಮನಸ್ಸು ಒಪ್ಪದ ಕಾರಣ ಆರಂಭದಲ್ಲೇ ಕೈಬಿಟ್ಟು ಇಳಿದುಬಂದರು. ನನ್ನ ದೃಷ್ಟಿಯಲ್ಲಿ ಅವರ ಧೈರ್ಯ ಹೆಚ್ಚು ಸ್ಪಷ್ಟವಾಗಿ ಕಾಣುವುದು ಆ ಹಿಂದಿರುಗುವಿಕೆಯಲ್ಲೇ.

ನಿಮ್ಮ ಹಳ್ಳದಲ್ಲಿ ಅಂಥ ಯಾವ ತಿಳಿವಳಿಕೆಯೂ ಇರಲಿಲ್ಲ. ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ; ರಭಸವಾಗಿ ಹರಿಯುವ ನೀರು ಅರ್ಧ ಅಡಿಯಷ್ಟಿದ್ದರೂ ದೊಡ್ಡವರನ್ನೇ ಉರುಳಿಸಬಲ್ಲದು. ಕೆಳಗೆ ಹದವಾದ ಬಿಸಿಲಿದ್ದಾಗಲೂ ಮೇಲಿನ ಗುಡ್ಡದಲ್ಲಿ ಸುರಿದ ಮಳೆ ಹಳ್ಳವನ್ನು ಏಕಾಏಕಿ ಉಕ್ಕಿಸುತ್ತದೆ, ಪಾಚಿಗಟ್ಟಿದ ಕಲ್ಲು ಕೆಂಪು ನೀರಿನ ಅಡಿಯಲ್ಲಿ ಕಾಣುವುದೇ ಇಲ್ಲ. ಕೈ ಹಿಡಿದುಕೊಂಡರೆ ಸಾಕೆಂಬ ನಂಬಿಕೆಯೂ ಅಪಾಯಕಾರಿ. 2024ರ ಜೂನ್ 30ರಂದು ಲೋಣಾವಳದ ಭೂಷಿ ಅಣೆಕಟ್ಟೆಯ ಬಳಿಯ ಜಲಪಾತದಲ್ಲಿ, ನೀರು ಏರಿದಾಗ ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದು ನಿಂತಿದ್ದ ಕುಟುಂಬವೊಂದರ ಐವರು ಕೊಚ್ಚಿಹೋದರು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹಾಗಾದರೆ ಗೆರೆ ಎಲ್ಲಿದೆ? ಎಷ್ಟು ಅಪಾಯವಿದೆ ಎಂಬುದರ ಮೇಲೆ ಅದನ್ನು ಎಳೆಯಲಾಗದು. ಎಲ್ಲಿಂದ ಹಿಂದಿರುಗಬೇಕು ಎಂಬುದನ್ನು ಮನಸ್ಸು ತಿಳಿಯಾಗಿರುವಾಗಲೇ ನಿಶ್ಚಯಿಸಿ, ಆ ಘಳಿಗೆ ಬಂದಾಗ ಅದಕ್ಕೆ ಬದ್ಧರಾಗಿರುತ್ತೀರೋ ಇಲ್ಲವೋ ಎಂಬುದರ ಮೇಲೆ ಎಳೆಯಬೇಕು. 1996ರ ಮೇ 10ರಂದು ಎವರೆಸ್ಟ್‌ನ ದಕ್ಷಿಣ ಪಾರ್ಶ್ವದಲ್ಲಿದ್ದ ಆರೋಹಿಗಳಿಗೆ, ತಡವೆಂದರೆ ಮಧ್ಯಾಹ್ನ ಎರಡರ ಹೊತ್ತಿಗೆ ಎಲ್ಲಿದ್ದರೂ ಇಳಿಯತೊಡಗಬೇಕೆಂಬುದು ಗೊತ್ತಿತ್ತು. ಮೂವರು ಬೆಳಿಗ್ಗೆ ಹನ್ನೊಂದೂವರೆಯ ಸುಮಾರಿಗೇ, ವೇಳೆಗೆ ಶಿಖರ ಮುಟ್ಟಲಾಗದೆಂದು ಅರಿತು, ಹಿಂದಿರುಗಿ ಬದುಕಿಕೊಂಡರು. ಎರಡರ ನಂತರವೂ ಏರುತ್ತಲೇ ಇದ್ದವರಲ್ಲಿ ಅತ್ಯಂತ ಅನುಭವಿ ಮಾರ್ಗದರ್ಶಕರೇ ಇದ್ದರು. ಸಂಜೆಯ ಬಿರುಗಾಳಿ ಪರ್ವತದ ಎರಡೂ ಪಾರ್ಶ್ವಗಳಲ್ಲಿ ಒಟ್ಟು ಎಂಟು ಜನರನ್ನು ಬಲಿ ಪಡೆಯಿತು. ‘ಇಷ್ಟು ದೂರ ಬಂದು ವಾಪಸು ಹೋಗುವುದೇ?’ ಎಂಬ ಮಾತು ನಿಮ್ಮ ಗುಂಪಿನಲ್ಲೂ ಕೇಳಿರಬಹುದು. ಅದು ಕೇಳಿದಾಗಲೇ ಎಚ್ಚರವಾಗಬೇಕು.

ಇನ್ನೊಂದು ವಿಷಯ. ನೀವು ಕೊಚ್ಚಿಹೋಗಿದ್ದರೆ ಅದೇ ನೀರಿಗೆ ಇಳಿಯಬೇಕಾದವರು ಅಗ್ನಿಶಾಮಕ ಸಿಬ್ಬಂದಿ ಮತ್ತು ಊರಿನ ಈಜುಗಾರರು. ಅವರಿಗೂ ಮನೆಯಲ್ಲಿ ದಾರಿ ಕಾಯುವವರಿದ್ದಾರೆ.

ಅರಣ್ಯ ಇಲಾಖೆಯ ಅನುಮತಿ ಇರುವ ದಾರಿಯನ್ನೇ ಆರಿಸಿ, ಊರಿನವರನ್ನು ವಿಚಾರಿಸಿ ಹೊರಡಿ. ಎಷ್ಟು ಗಂಟೆಗೆ ಹಿಂದಿರುಗುತ್ತೀರಿ, ಮಳೆ ಬಿದ್ದರೆ ಯಾವ ಹಳ್ಳವನ್ನು ದಾಟುವುದಿಲ್ಲ, ದಾಟಲಾಗದಿದ್ದರೆ ಎಲ್ಲಿ ತಂಗುತ್ತೀರಿ ಎಂಬುದನ್ನು ಬರೆದು ತಂದೆಯವರ ಕೈಗೆ ಕೊಡಿ. ಗುಂಪಿನಲ್ಲಿ ಒಬ್ಬರು ಬೇಡವೆಂದರೂ ಎಲ್ಲರೂ ಮರಳಬೇಕೆಂದು ಮೊದಲೇ ಮಾತಾಗಲಿ. ಅದಕ್ಕೆ ಒಪ್ಪದವರ ಜೊತೆ ಮಳೆಗಾಲದಲ್ಲಿ ಹೋಗಬೇಡಿ.