ಎರಡನೇ ದಿನ ಮಾತಾಡಿದವನಿಗೆ ಮೂರನೇ ದಿನ ವೆಂಟಿಲೇಟರ್ ಏಕೆ?

ಪ್ರಶ್ನೆ: ತಮ್ಮ ಕೀಟನಾಶಕ ಕುಡಿದು ಐಸಿಯುನಲ್ಲಿದ್ದಾನೆ. ಎರಡನೇ ದಿನ ಚೆನ್ನಾಗಿಯೇ ಮಾತಾಡಿದ. ಮೂರನೇ ದಿನ ಉಸಿರಾಟ ಸೋತು ವೆಂಟಿಲೇಟರ್ ಹಾಕಿದರು. ಚಿಕಿತ್ಸೆಯಲ್ಲಿ ಎಡವಟ್ಟಾಯಿತೇ?

ಉತ್ತರ: ಹಾಗೆಂದುಕೊಳ್ಳುವ ಮೊದಲು ವಿಷ ಯಾವುದೆಂದು ಕೇಳಿ ತಿಳಿಯಿರಿ. ಕ್ಲೋರ್‌ಪೈರಿಫಾಸ್, ಮಾನೋಕ್ರೋಟೋಫಾಸ್, ಡೈಮಿಥೋಯೇಟ್‌ನಂಥ ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ ಆಗಿದ್ದರೆ ಹೀಗಾಗುವುದುಂಟು. ನರದಿಂದ ಸ್ನಾಯುವಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಕೆಲಸ ಮುಗಿದೊಡನೆ ಒಡೆಯಬೇಕು. ಒಡೆಯುವ ಕಿಣ್ವವನ್ನೇ ಈ ವಿಷ ಕಟ್ಟಿಹಾಕುತ್ತದೆ, ಅಸಿಟೈಲ್‌ಕೋಲಿನ್ ತುಂಬಿಕೊಳ್ಳುತ್ತದೆ. ಮೊದಲ ದಿನ ಜೊಲ್ಲು, ಬೆವರು, ಎದೆ ತುಂಬ ಕಫ, ಕುಗ್ಗಿದ ಕಣ್ಣಿನ ಪಾಪೆ, ನಿಧಾನದ ನಾಡಿ. ಇವಕ್ಕೆ ಅಟ್ರೋಪಿನ್ ಮದ್ದು. ಆದರೆ ಸ್ನಾಯುಗಳ ನಿಶ್ಶಕ್ತಿಗೆ ಅದರಿಂದ ಏನೂ ಆಗದು. ಸಾಮಾನ್ಯವಾಗಿ 24ರಿಂದ 96 ಗಂಟೆಗಳೊಳಗೆ ಕುತ್ತಿಗೆ, ಭುಜ, ತೊಡೆ, ಆಮೇಲೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಇದನ್ನು ಇಂಟರ್‌ಮೀಡಿಯೇಟ್ ಸಿಂಡ್ರೋಮ್ ಎನ್ನುತ್ತೇವೆ. ಮೊದಲ ಸುಳಿವು, ರೋಗಿ ದಿಂಬಿನಿಂದ ತಲೆ ಎತ್ತಲಾರ. ಪ್ರಜ್ಞೆ ಮಾತ್ರ ನೆಟ್ಟಗಿರುತ್ತದೆ. ಅದಕ್ಕೇ ‘ಮಾತಾಡುತ್ತಿದ್ದಾನಲ್ಲ’ ಎಂದು ಬೇಗ ವಾರ್ಡಿಗೆ ಕಳಿಸುವುದು ನಮಗೆ ಒಪ್ಪಿಗೆಯಿಲ್ಲ.

ಸ್ನಾಯುಗಳು ತಾವಾಗಿಯೇ ಚೇತರಿಸಿಕೊಳ್ಳುತ್ತವೆ, ಹಲವರಿಗೆ ಒಂದರಿಂದ ಮೂರು ವಾರ ಹಿಡಿಯುತ್ತದೆ. ಅಷ್ಟು ದಿನ ಯಂತ್ರ ಉಸಿರಾಡಿಸಿದರೆ ಬದುಕುವ ಅವಕಾಶ ಚೆನ್ನಾಗಿಯೇ ಇದೆ. ಈ ಹಂತದಲ್ಲಿ ನಮ್ಮನ್ನು ಕಾಡುವುದು ವಿಷಕ್ಕಿಂತ ನ್ಯುಮೋನಿಯಾ. ಆದರೆ ಡೈಮಿಥೋಯೇಟ್ ಆಗಿದ್ದರೆ ರಕ್ತದೊತ್ತಡ ಕುಸಿದು ಮೊದಲ ಒಂದೆರಡು ದಿನವೇ ಸಾವು ಬರಬಹುದು. ತಮ್ಮ ಬೇಕೆಂದೇ ಕುಡಿದಿದ್ದರೆ, ಮನೋವೈದ್ಯರು ನೋಡದೆ ಮನೆಗೆ ಕರೆದೊಯ್ಯಬೇಡಿ.

ಪ್ರಶ್ನೆ: ಅಟ್ರೋಪಿನ್ ಕೊಟ್ಟ ಮೇಲೆ ರೋಗಿ ಕೂಗಾಡಿ, ಗಾಳಿಯಲ್ಲಿ ಏನನ್ನೋ ಹಿಡಿಯುತ್ತಿದ್ದಾರೆ. ವಿಷ ತಲೆಗೇರಿತೇ?

ಉತ್ತರ: ಅಟ್ರೋಪಿನ್ ಹೆಚ್ಚಾಗಿರುವ ಸಾಧ್ಯತೆಯೇ ಹೆಚ್ಚು. ದೊಡ್ಡವರಿಗೆ 1ರಿಂದ 3 ಮಿಲಿಗ್ರಾಂನಿಂದ ಆರಂಭಿಸಿ, ಫಲ ಕಾಣದಿದ್ದರೆ ಪ್ರತಿ 5 ನಿಮಿಷಕ್ಕೆ ಇಮ್ಮಡಿ ಮಾಡುತ್ತೇವೆ. ಎದೆಯಲ್ಲಿ ಗೊರಗೊರ ನಿಂತು, ನಾಡಿ 80 ದಾಟಿ, ಮೇಲಿನ ರಕ್ತದೊತ್ತಡ 80ಕ್ಕಿಂತ ಹೆಚ್ಚಿ, ಕಂಕುಳು ಒಣಗಿದರೆ ಸಾಕು. ಬಳಿಕ ಅಲ್ಲಿಯವರೆಗೆ ಕೊಟ್ಟ ಒಟ್ಟು ಪ್ರಮಾಣದ ಶೇ 10ರಿಂದ 20ರಷ್ಟನ್ನು ಗಂಟೆಗೊಮ್ಮೆ ಸಿಗುವಂತೆ ಡ್ರಿಪ್‌ನಲ್ಲಿ ಹರಿಸುತ್ತೇವೆ. ಪಾಪೆ ಪೂರ್ತಿ ಅರಳಲಿ ಎಂದು ಸುರಿಯುತ್ತಲೇ ಹೋಗುವ ಹಳೆಯ ಅಭ್ಯಾಸವೇ ಹಲವು ಬಾರಿ ತೊಂದರೆಯ ಮೂಲ. ಗೊಂದಲ, ಜ್ವರ, ಕರುಳಿನ ಸದ್ದು ಇಲ್ಲದಿರುವುದು, ಮೂತ್ರ ಕಟ್ಟುವುದು ಒಟ್ಟಿಗೆ ಕಂಡರೆ ಡ್ರಿಪ್ ನಿಲ್ಲಿಸಿ, ಈ ಲಕ್ಷಣಗಳು ಇಳಿದ ಮೇಲೆ ಕಡಿಮೆ ವೇಗದಲ್ಲಿ ಮತ್ತೆ ಶುರು ಮಾಡಬೇಕು. ಪೂರ್ತಿ ಬಿಟ್ಟರೆ ಕಫ ಮರಳುತ್ತದೆ. ಕೊಬ್ಬಿನಲ್ಲಿ ಅಡಗುವ ಫೆಂಥಿಯಾನ್ ಎಂಬ ಕೀಟನಾಶಕದಲ್ಲಿ ಕೆಲವು ದಿನಗಳ ನಂತರವೂ.

ಪ್ರಶ್ನೆ: ಆಸ್ಪತ್ರೆ ದೂರವಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಹುದೇ?

ಉತ್ತರ: ಬೇಡ. ಕೀಟನಾಶಕದಲ್ಲಿರುವ ಎಣ್ಣೆಯಂಥ ದ್ರಾವಕ ವಾಂತಿಯಾಗುವಾಗ ಶ್ವಾಸಕೋಶಕ್ಕೆ ಇಳಿಯಬಹುದು. ಉಪ್ಪು ಬೇರೆಯೇ ಅಪಾಯ. ಕೈಗವಸು ಹಾಕಿ ಬಟ್ಟೆ ತೆಗೆದು, ಮೈಯನ್ನು ಸೋಪು ನೀರಿನಿಂದ ತೊಳೆದು, ಎಡಮಗ್ಗುಲಾಗಿ ಮಲಗಿಸಿ ಹೊರಡಿ. ಬಾಟಲಿ ಜೊತೆಗಿರಲಿ. ಅದು ಪ್ಯಾರಾಕ್ವಾಟ್ ಕಳೆನಾಶಕವಾದರೆ ನಮ್ಮ ಲೆಕ್ಕವೇ ಬೇರೆ: ಅದಕ್ಕೆ ಪ್ರತಿವಿಷವಿಲ್ಲ, ಆಮ್ಲಜನಕವನ್ನೂ ತೀರಾ ಅಗತ್ಯವಿದ್ದರಷ್ಟೇ ಕೊಡುತ್ತೇವೆ. ಹೆಚ್ಚು ಕೊಟ್ಟಷ್ಟೂ ಶ್ವಾಸಕೋಶ ಹೆಚ್ಚು ಕೆಡುತ್ತದೆ.